ಕ್ಲೈಂಟ್ ಒಪ್ಪಿದ ಕಲಬುರಗಿ

ಮೇ ತಿಂಗಳ ಮಧ್ಯಾಹ್ನ. ಹೊರಗೆ 43 ಡಿಗ್ರಿ, ಸ್ಟುಡಿಯೋದಲ್ಲಿ ಕರೆಂಟ್ ಇಲ್ಲ. ಆಗ ಬೆಂಗಳೂರಿನಿಂದ ನನ್ನ ವಾಟ್ಸಾಪ್‌ಗೆ ಒಂದು ಪೆನ್ಸಿಲ್ ಚಿತ್ರ ಬಂತು.

ಮುಂದೆ ದೊಡ್ಡ ಬಟ್ಟಲಿನಲ್ಲಿ ತೊಗರಿಬೇಳೆ, ಮೇಲೆ ಹಬೆ. ಪಕ್ಕದಲ್ಲಿ ಅಜ್ಜಿಯೊಬ್ಬರು ನಗುತ್ತಾ ಜೋಳದ ರೊಟ್ಟಿ ಲಟ್ಟಿಸುತ್ತಿದ್ದಾರೆ. ಹಿಂದೆ ಹಚ್ಚಗೆ ತೊಗರಿ ಹೊಲ. ಅದರ ಹಿಂದೆ ಅರ್ಧ ಆಕಾಶ ನುಂಗಿದ ಒಂದು ಗುಮ್ಮಟ, ಗುಮ್ಮಟದ ಬೆನ್ನಿಗೆ ಹುಟ್ಟುತ್ತಿರುವ ಸೂರ್ಯ. ಕೆಳಗೆ ಬರೆದಿತ್ತು: 'ಕಲಬುರಗಿಯ ಬೆಳಗು. ಕ್ಲೈಂಟ್ ಅಪ್ರೂವ್ಡ್.'

ಬೇಳೆ ಕಂಪನಿಯೊಂದರ ಜಾಹೀರಾತು. ಈ ಸ್ಕೆಚ್‌ನಲ್ಲಿ ಇದ್ದಂತೆಯೇ ನಾನು ಫೋಟೋ ತೆಗೆಯಬೇಕು. ಹೆಸರು ಬೇಡ, ನನಗಿನ್ನೂ ದುಡ್ಡು ಬರಬೇಕು.

ಸ್ಕೆಚ್ ಕಳಿಸುವುದು ಒಳ್ಳೆಯ ಪದ್ಧತಿಯೇ. ಫೋಟೋ ಅಡ್ಡವೋ ಉದ್ದವೋ, ಬರಹಕ್ಕೆ ಎಲ್ಲಿ ಜಾಗ ಬಿಡಬೇಕು, ಎಲ್ಲ ಮೊದಲೇ ತಿಳಿಯುತ್ತದೆ. ತೊಂದರೆ ಇರುವುದು ಆ 'ಅಪ್ರೂವ್ಡ್'ನಲ್ಲಿ. ಕ್ಲೈಂಟ್ ತಲೆಯಾಡಿಸಿದ ಮೇಲೆ ಸ್ಕೆಚ್ ಅನ್ನುವುದು ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಬಂದ ಖರೀದಿ ಪತ್ರ ಇದ್ದಂತೆ. ಊರು ಅದಕ್ಕೆ ಹೊಂದದಿದ್ದರೆ ತಪ್ಪು ಊರಿನದು.

ಸ್ಕೆಚ್ ಕಳಿಸಿದ ಆರ್ಟ್ ಡೈರೆಕ್ಟರ್‌ಗೆ ಫೋನ್ ಮಾಡಿದೆ. ನನ್ನ ಮಗನಿಗಿಂತ ಸಣ್ಣ ವಯಸ್ಸು. ನಾನು 'ಸರ್' ಅಂತೀನಿ, ಅವರು 'ಬ್ರೋ' ಅಂತಾರೆ.

"ಸರ್, ತೊಗರಿ ಬಿತ್ತೋದು ಜೂನ್, ಜುಲೈನಾಗ. ಕೊಯ್ಯೋದು ಡಿಸೆಂಬರ್, ಜನವರಿಗೆ. ಈಗ ಹೊಲದಾಗ ಕೈ ಹೋಗೋವಷ್ಟು ಬಿರುಕು ಅವ."

"ಕಲಬುರಗಿ ತೊಗರಿಗೆ 2019ರಲ್ಲೇ ಜಿಐ ಟ್ಯಾಗ್ ಬಂದಿದೆ ಅಲ್ವಾ ಬ್ರೋ?"

ಬಂದಿದೆ. ಟ್ಯಾಗ್ ಬಂದ ಮೇಲೆ ತೊಗರಿ ಹನ್ನೆರಡು ತಿಂಗಳೂ ಹಸಿರಾಗಿ ನಿಂತಿರಬೇಕು ಅಂತ ಅವರ ಲೆಕ್ಕ. "ಬೇರೆ ಏನಾದ್ರೂ ಹಸಿರು ಇದ್ರೆ ನೋಡಿ" ಅಂದರು. ನೋಡಿದೆ. ಮೇ ತಿಂಗಳಲ್ಲಿ ನಮ್ಮ ಕಡೆ ಯಾರ ಹಂಗೂ ಇಲ್ಲದೆ ಹಸಿರಾಗಿರುವುದು ಬಳ್ಳಾರಿ ಜಾಲಿ ಒಂದೇ. ಅದಕ್ಕೂ ಕಾಯಿ ಬಿಡುತ್ತದೆ. ದೂರದಿಂದ ಯಾರು ಬಿಡಿಸಿ ನೋಡ್ತಾರೆ ಬಿಡಿ.

ಇನ್ನು ಲೆನ್ಸಿನ ಗೋಳು. ಬಟ್ಟಲು ದೊಡ್ಡದಾಗಿ ಕಾಣಬೇಕಾದರೆ ವೈಡ್ ಲೆನ್ಸ್ ಹಾಕಿ ಹತ್ತಿರ ಕೂರಬೇಕು. ಆಗ ಹಿಂದಿನ ಗುಮ್ಮಟ ಕಡಲೆಕಾಳಿನಷ್ಟಾಗುತ್ತದೆ. ಗುಮ್ಮಟ ದೊಡ್ಡದಾಗಬೇಕಾದರೆ ದೂರ ಸರಿದು 200 ಎಂಎಂ ಲೆನ್ಸ್ ಹಾಕಬೇಕು. ಆಗ ಬಟ್ಟಲು ಶಾರ್ಪ್ ಆದರೆ ಗುಮ್ಮಟ ಮಬ್ಬು. ಜೊತೆಗೆ ಸೂರ್ಯ ಬೆನ್ನ ಹಿಂದೆ ಇದ್ದರೂ ಅಜ್ಜಿಯ ಮುಖ ಫಳಫಳ ಹೊಳೆಯುತ್ತಿದೆ, ನೆರಳು ಹಿಂದಕ್ಕೆ ಬಿದ್ದಿದೆ. "ಇದಕ್ಕೆ ಎರಡು ಸೂರ್ಯ ಬೇಕ್ರೀ ಸರ್" ಅಂದೆ. ಒಂದೇ ಸೂರ್ಯನಿಗೆ ನಮ್ಮ ಊರಲ್ಲಿ ಡಾಂಬರು ಕರಗುತ್ತಿದೆ. "ಮ್ಯಾನೇಜ್ ಮಾಡಿ ಬ್ರೋ" ಅಂದರು. ಪೆನ್ಸಿಲ್ ಹಿಡಿದವರಿಗೆ ಫೋಕಸ್ಸಿನ ಚಿಂತೆ ಇಲ್ಲ, ಬಿಸಿಲಂತೂ ಮೊದಲೇ ತಾಗುವುದಿಲ್ಲ. ಕಡೆಗೆ ಎಲ್ಲ ಬೇರೆ ಬೇರೆ ತೆಗೆದು ಕಂಪ್ಯೂಟರಿನಲ್ಲಿ ಅಂಟಿಸುವುದು ಅಂತಾಯಿತು.

ಅಜ್ಜಿ ಬೇಕಲ್ಲ. ನಮ್ಮ ಗಲ್ಲಿಯ ಆಯಿಯನ್ನು ಕರೆದುಕೊಂಡು ಬಂದೆ. ಅವರ ಕೈಗೆ ಲಟ್ಟಣಿಗೆ ಕೊಟ್ಟಾಗ ನನ್ನನ್ನು ಮೇಲೆ ಕೆಳಗೆ ನೋಡಿದರು.

"ಯಪ್ಪಾ, ಜ್ವಾಳದ ರೊಟ್ಟಿ ಬಡೀತಾರ. ಲಟ್ಟಸೋದು ಚಪಾತಿ. ನಿಮ್ಮವ್ವ ನಿನಗ ಏನ್ ಮಾಡಿ ಹಾಕ್ಯಾಳ?"

"ಆಯಿ, ಚಿತ್ರದಾಗ ಹಂಗ ಅದಾ."

"ಚಿತ್ರ ತಗದಾಂವ ರೊಟ್ಟಿ ಉಂಡಾನೇನು?"

ಮತ್ತೆ ಬೆಂಗಳೂರಿಗೆ ಫೋನ್. ಬಡಿಯುವಾಗ ಕೈ ಅಲ್ಲಾಡುತ್ತದೆ, ಲಟ್ಟಣಿಗೆ ಇದ್ದರೆ 'ಫ್ರೇಮ್ ಕ್ಲೀನ್', ಮೇಲಾಗಿ ಅದು ಅಪ್ರೂವ್ಡ್ ಲಟ್ಟಣಿಗೆ. ಆಯಿ ಒಂದು ಷರತ್ತಿನ ಮೇಲೆ ಒಪ್ಪಿದರು. "ನಂದು ಮಾರಿ ಬರಬಾರ್ದು. ಬೀಗರು ನೋಡಿದ್ರ ಮಾನ ಹೋಗ್ತದ." ಹಾಗಾಗಿ ಕೈ ಮಾತ್ರ ಆಯಿಯದು. ನಗುವ ಮುಖ ಬೆಂಗಳೂರಿನ ಮಾಡೆಲ್ ಒಬ್ಬರದು. ಆ ಕೈ ಏನು ಅನ್ನುತ್ತಿದೆ ಅಂತ ಆ ಮುಖಕ್ಕೆ ಗೊತ್ತಿಲ್ಲ.

ಬೇಳೆಯದು ಬೇರೆಯೇ ಕಥೆ. 43 ಡಿಗ್ರಿಯಲ್ಲಿ ಹಬೆ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಸುತ್ತಲಿನ ಗಾಳಿ ತಣ್ಣಗಿರಬೇಕು. ಒದ್ದೆ ಹತ್ತಿ ಉಂಡೆಯನ್ನು ಓವನ್‌ನಲ್ಲಿ ಕುದಿಬಿಸಿ ಮಾಡಿ, ಬಟ್ಟಲಿನ ಹಿಂದೆ ಬಚ್ಚಿಟ್ಟು, ಫ್ಯಾನ್ ಆಫ್ ಮಾಡಿ, ಎಸಿ ಕೋಣೆಯಲ್ಲಿ ಹಬೆ ಎಬ್ಬಿಸಿದೆ. ಕೊತ್ತಂಬರಿ ಮೇಲೆ ಇಬ್ಬನಿ ಅಂತ ಗ್ಲಿಸರಿನ್ ಸಿಂಪಡಿಸಿದೆ. ಅಷ್ಟರಲ್ಲಿ ಒಗ್ಗರಣೆ ಮುಳುಗಿತು. ಸ್ಕೆಚ್‌ನಲ್ಲಿ ಮೆಣಸಿನಕಾಯಿ ಅಂಬಾರಿ ಮೇಲೆ ಕೂತಂತೆ ಕೂತಿತ್ತಲ್ಲ? "ತಳಕ್ಕೆ ಗೋಲಿ ಹಾಕಿ ಬ್ರೋ." ಅಮೆರಿಕದಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿ ಇದನ್ನೇ ಮಾಡಿತ್ತು. ಗಾಜಿನ ಗೋಲಿ ಹಾಕಿ ತರಕಾರಿ ಮೇಲೆ ತೇಲಿಸಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಡಿದುಕೊಂಡಿತು. 1970ರಲ್ಲಿ ಕಂಪನಿ ಇನ್ನು ಹಾಗೆ ಮಾಡಲ್ಲ ಅಂತ ಒಪ್ಪಬೇಕಾಯಿತು. ಇದನ್ನು ಹೇಳಿದೆ. "ಅದು ಸೂಪ್, ಇದು ದಾಲ್" ಅಂತ ಉತ್ತರ ಬಂತು.

ಗೋಲಿ ನೋಡಿ ಆಯಿ ಏನೂ ಅನ್ನಲಿಲ್ಲ. ಬುತ್ತಿ ಬಿಚ್ಚಿ ತಮ್ಮದೇ ರೊಟ್ಟಿ, ಪುಂಡಿಪಲ್ಯ ಉಂಡು ಮನೆಗೆ ಹೋದರು.

ಉಳಿದದ್ದು ಗುಮ್ಮಟ. ಅದು ನಮ್ಮ ಊರಿನದೇ ಅಲ್ಲ, ವಿಜಯಪುರದ ಗೋಳಗುಮ್ಮಟ. ಇಲ್ಲಿಂದ ಸುಮಾರು 160 ಕಿಲೋಮೀಟರ್. ಬಹಮನಿಯವರು ಇಲ್ಲಿ ರಾಜಧಾನಿ ಕಟ್ಟಿದ್ದು 1347ರಲ್ಲಿ. ಗೋಳಗುಮ್ಮಟ ಆದಿಲ್‌ಶಾಹಿಗಳದು, ಮುನ್ನೂರು ವರ್ಷ ಈಚಿನದು. ನಾನು ಚೌಕಾಸಿಗೆ ಇಳಿದೆ.

"ಸರ್, ನಮ್ಮ ಕಡೆ ಹಫ್ತ್ ಗುಂಬಜ್ ಅದಾ. ಹಫ್ತ್ ಅಂದ್ರ ಏಳು. ಒಂದು ಗುಮ್ಮಟಕ್ಕ ಏಳು ಕೊಡ್ತೀನಿ. ಬೇಕಂದ್ರ ಕೋಟೆಯೊಳಗಿನ ಜಾಮಿಯಾ ಮಸೀದಿ ಅದಾ, 1367ರದು. ಅಂಗಳನೇ ಇಲ್ಲದಂಗ ಪೂರಾ ಚಾವಣಿ ಹಾಕ್ಯಾರ, ಅಂಥಾದ್ದು ಅಪರೂಪ."

"ಕ್ಲೈಂಟ್ ಒಪ್ಪಿರೋದು ಒಂದಕ್ಕೆ, ಬ್ರೋ. ಅದು ಎಲ್ಲಿದೆಯೋ ಅಲ್ಲಿ ಹೋಗಿ ತೆಗೀರಿ."

ಹೋದೆ. ಕಾರ್ ಬಾಡಿಗೆ ಬಿಲ್ ಇನ್ನೂ ಪಾಸಾಗಿಲ್ಲ, ಅದು ಸ್ಕೆಚ್‌ನಲ್ಲಿ ಇರಲಿಲ್ಲವಂತೆ.

ಹೋದ ವಾರ ಹೋರ್ಡಿಂಗ್ ಏರಿತು. ಕೋಟೆ ಕಡೆಯ ರಸ್ತೆಯಲ್ಲೇ, ಕೋಟೆ ಗೋಡೆ ಕಾಣದಂತೆ. ಜಾಲಿಕಂಟಿ ಹೊಲ, ಗೋಲಿ ಮೇಲಿನ ಒಗ್ಗರಣೆ, ಎರಡು ಊರಿನ ಒಬ್ಬ ಅಜ್ಜಿ, 'ಕಲಬುರಗಿಯ ಬೆಳಗು' ಅಂತ ದಪ್ಪ ಅಕ್ಷರ. ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ: 'ಚಿತ್ರ ಸಾಂದರ್ಭಿಕ'.

ನಾನು ಅದರ ಕೆಳಗೆ ಚಹಾ ಕುಡಿಯುತ್ತಾ ನಿಂತಿದ್ದೆ. ಬ್ಯಾಗ್ ಹಿಡಿದ ಗಂಡ ಹೆಂಡತಿ ತಲೆ ಎತ್ತಿ ಹೋರ್ಡಿಂಗ್ ನೋಡಿದರು. ಆಮೇಲೆ ಆಟೋದವನನ್ನು ಕೇಳಿದರು.

"ಗೋಳಗುಮ್ಮಟಕ್ಕೆ ಎಷ್ಟಾಗುತ್ತಪ್ಪಾ?"

ಅವನು ಹೋರ್ಡಿಂಗ್ ನೋಡಿದ. ನನ್ನನ್ನೂ ನೋಡಿದ.

"ಇಬ್ರೇ ಏನ್ರಿ? ಕುಂದರ್ರಿ."