ಒಪಾಲ್ಕಾ ಕಾದದ್ದು ಯಾವುದಕ್ಕೆ?

ಪೋಲಿಷ್ ಚಿತ್ರಕಾರ ರೊಮಾನ್ ಒಪಾಲ್ಕಾನ ಚಿತ್ರಗಳನ್ನು ಸಾವಿನ ಚಿತ್ರಗಳು ಅನ್ನುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಅವು ಕಾಯುವುದರ ಚಿತ್ರಗಳು.

ಶುರುವಾಗಿದ್ದೇ ಹಾಗೆ. ವಾರ್ಸಾದ ಕೆಫೆಯೊಂದರಲ್ಲಿ ಹೆಂಡತಿಗಾಗಿ ಕಾಯುತ್ತಾ ಕೂತಿದ್ದಾಗ, ಒಂದರಿಂದ ಶುರುಮಾಡಿ ಸಂಖ್ಯೆಗಳನ್ನು ಬರೆಯುತ್ತಲೇ ಹೋಗುವ ಯೋಚನೆ ಹೊಳೆಯಿತಂತೆ. 1965ರಲ್ಲಿ ಕಪ್ಪು ಕ್ಯಾನ್ವಾಸಿನ ಎಡ ಮೇಲ್ತುದಿಯಲ್ಲಿ, ತೀರಾ ಸಣ್ಣ ಕುಂಚದಿಂದ, ಬಿಳಿ ಬಣ್ಣದಲ್ಲಿ 1 ಎಂದು ಬರೆದ. ಪಕ್ಕದಲ್ಲಿ 2, ಆಮೇಲೆ 3. ಒಂದು ಕ್ಯಾನ್ವಾಸ್ ತುಂಬಿದರೆ ಮುಂದಿನ ಸಂಖ್ಯೆ ಇನ್ನೊಂದರಲ್ಲಿ. ಎಲ್ಲದರ ಅಳತೆಯೂ ಒಂದೇ, 196 ಸೆಂ.ಮೀ. ಎತ್ತರ, 135 ಸೆಂ.ಮೀ. ಅಗಲ. ಹೆಸರೂ ಒಂದೇ: 1965/1–∞, ಅಂದರೆ 1965ರಲ್ಲಿ ಶುರುವಾಗಿ, 1ರಿಂದ ಅನಂತದವರೆಗೆ.

ದೂರದಿಂದ ಬರೀ ಮಂಜು. ಹತ್ತಿರ ಹೋದರಷ್ಟೇ ಅಂಕಿಗಳು. ಕುಂಚ ಅದ್ದಿದಾಗ ದಟ್ಟ, ಬಣ್ಣ ತೀರುತ್ತಾ ಬಂದಂತೆ ಮಸುಕು, ಮತ್ತೆ ಅದ್ದಿದರೆ ದಟ್ಟ. ಆ ಏರಿಳಿತವನ್ನು ಆತ ತಿದ್ದಲಿಲ್ಲ. ಒಬ್ಬ ಮನುಷ್ಯ ಉಸಿರಾಡುತ್ತಾ ಅಲ್ಲಿ ಕೂತಿದ್ದ ಅನ್ನುವುದು ನನಗೆ ಗೊತ್ತಾಗುವುದೇ ಅದರಿಂದ. ಜಪದ ಹಾಗೆ ಅನಿಸಬಹುದು. ಆದರೆ ಜಪಮಾಲೆ 108 ಆದಮೇಲೆ ಮೊದಲಿಗೆ ಮರಳುತ್ತದೆ. ಇಲ್ಲಿ ಒಮ್ಮೆ ಬರೆದ ಸಂಖ್ಯೆ ಮತ್ತೆ ಬರುವುದಿಲ್ಲ.

1972ರಿಂದ ಪ್ರತಿ ಹೊಸ ಕ್ಯಾನ್ವಾಸಿನ ಹಿನ್ನೆಲೆಗೆ ನೂರಕ್ಕೆ ಒಂದು ಪಾಲು ಬಿಳಿ ಹೆಚ್ಚಿಸುತ್ತಾ ಹೋದ. ಬಿಳಿಯ ಮೇಲೆ ಬಿಳಿ ಬರೆಯುವ ದಿನಕ್ಕೆ ಕಾದ, ಅದು ಬಂತು ಕೂಡ. ಬರೆಯುತ್ತಾ ಸಂಖ್ಯೆಗಳನ್ನು ಪೋಲಿಷ್‌ನಲ್ಲಿ ಗಟ್ಟಿಯಾಗಿ ಹೇಳಿ ಧ್ವನಿಮುದ್ರಿಸುತ್ತಿದ್ದ. ದಿನದ ಕೆಲಸ ಮುಗಿದ ಮೇಲೆ ಅದೇ ತರಹದ ಬಿಳಿ ಅಂಗಿಯಲ್ಲಿ ತನ್ನದೇ ಫೋಟೊ. ಕ್ಯಾನ್ವಾಸಿನ ಜೊತೆಗೆ ತಲೆಯೂ ಬೆಳ್ಳಗಾಗುತ್ತಾ ಹೋಯಿತು.

ಮುಟ್ಟಬೇಕೆಂದುಕೊಂಡಿದ್ದು 77,77,777. 2011ರ ಆಗಸ್ಟ್‌ನಲ್ಲಿ, 79ನೇ ವಯಸ್ಸಿನಲ್ಲಿ ತೀರಿಕೊಂಡಾಗ ತಲುಪಿದ್ದು 56,07,249. ಅದೇ ವೇಗದಲ್ಲಿ ಹೋಗಿದ್ದರೂ ಇನ್ನೂ ಹದಿನೇಳು ಹದಿನೆಂಟು ವರ್ಷ ಬೇಕಿತ್ತು. ಸಾವಿಗೆ ದಿನ ಎಣಿಸುವವರು ಉಳಿದದ್ದನ್ನು ಎಣಿಸುತ್ತಾರೆ, ಸಂಖ್ಯೆ ಇಳಿಯುತ್ತಾ ಬರುತ್ತದೆ. ಒಪಾಲ್ಕಾನ ಲೆಕ್ಕ ಕೊನೆಯ ದಿನವೂ ಏರುತ್ತಲೇ ಇತ್ತು. ಇದನ್ನು ಅಪೂರ್ಣ ಕೃತಿ ಅನ್ನುವವರನ್ನು ಕೇಳಬೇಕು: ಹೆಸರಲ್ಲೇ ಅನಂತ ಇಟ್ಟುಕೊಂಡದ್ದು ಯಾವ ಅಂಕಿಗೆ ಪೂರ್ಣವಾಗಬೇಕಿತ್ತು?

ನನ್ನ ತಕರಾರು ಒಂದೇ. ಈ ಚಿತ್ರಗಳಲ್ಲಿ ಒಂದನ್ನು ಮಾತ್ರ ಒಂಟಿಯಾಗಿ ನೇತುಹಾಕಬಾರದು. ಆಗ ನೋಡುವವರಿಗೆ ಸಿಗುವುದು ಬರೀ ಅಂಕಿ ತುಂಬಿದ ಗೋಡೆ. ಮೊದಮೊದಲಿನದೊಂದು, ನಡುವಿನದೊಂದು, ಕೊನೆಗಾಲದ್ದೊಂದು, ಕಡೇಪಕ್ಷ ಮೂರನ್ನು ಪಕ್ಕಪಕ್ಕ ಇಡಲಿ. ಫೋಟೊಗಳೂ ಇರಲಿ. ಎಣಿಸುವ ಆ ದನಿ ಕೋಣೆಯಲ್ಲಿ ಕೇಳಿಸುತ್ತಿರಲಿ, ಕೂರಲು ಒಂದು ಬೆಂಚೂ ಇರಲಿ.