ಎಸ್ 3 ಹೊಲ, ಎನ್ 1 ಗಂಡು

ನಮ್ಮ ಚಿಕ್ಕಪ್ಪನ ಹೊಲ ಈಗ ಕಿತ್ತಳೆ ಬಣ್ಣದ್ದು. ಅಜ್ಜನ ಕಾಲದಿಂದ ಅದು ಕೆಂಪಗಿತ್ತು. ಮಳೆ ಬಿದ್ದರೆ ಕಡುಗೆಂಪು, ಹುರುಳಿ ಎದ್ದರೆ ಒಂದಿಷ್ಟು ಹಸಿರು. ಯಾವ ನೆಲ ಯಾವ ಬೆಳೆಗೆ ಎಷ್ಟು ಯೋಗ್ಯ ಅಂತ ಬಣ್ಣದಲ್ಲಿ ಹೇಳುವ ಸರ್ಕಾರಿ ಮಣ್ಣಿನ ನಕ್ಷೆ ಬಂದ ಮೇಲೆ ಕಿತ್ತಳೆ. ಕಿತ್ತಳೆ ಎಂದರೆ ಅಡಿಕೆಗೆ ಎಸ್ 3, ಅರ್ಥಾತ್ ಅಲ್ಪ ಯೋಗ್ಯ. ಪಕ್ಕದಲ್ಲೇ ಆರ್, ಜಿ ಎಂಬ ಎರಡು ಅಕ್ಷರ. ಆರ್ ಎಂದರೆ ಬೇರಿಗೆ ಆಳ ಸಾಲದು, ಜಿ ಎಂದರೆ ನೊರಜುಗಲ್ಲು ಜಾಸ್ತಿ. ಹೊಲದಲ್ಲಿ ಕಲ್ಲಿದೆ ಅಂತ ನೇಗಿಲ ಗುಳ ಮೂರು ತಲೆಮಾರಿನಿಂದ ಕಿರುಚುತ್ತಲೇ ಇತ್ತು. ಏನು ಮಾಡುವುದು, ಗುಳಕ್ಕೆ ಇಂಗ್ಲಿಷ್ ಬರುತ್ತಿರಲಿಲ್ಲ.

ನಕ್ಷೆ ಮಾಡಿದ ಕೆಲಸವನ್ನು ಹಗುರ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಈ ನಕ್ಷೆ ಹುಟ್ಟಿದ ಸುಜಲ-3 ಎಂಬ ರಾಜ್ಯ ಸರ್ಕಾರದ ಜಲಾನಯನ ಯೋಜನೆಗೆಂದು 2012ರಲ್ಲಿ ವಿಶ್ವಬ್ಯಾಂಕ್ 6 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಬೀದರಿನಿಂದ ಚಾಮರಾಜನಗರದವರೆಗೆ 11 ಜಿಲ್ಲೆ, ಅದರಲ್ಲಿ ನಮ್ಮ ತುಮಕೂರೂ ಒಂದು. ಮೇಲೆ ಉಪಗ್ರಹ ಫೋಟೋ ತೆಗೆಯಿತು. ಕೆಳಗೆ ವಿಜ್ಞಾನಿಗಳು ಆಳುದ್ದದ ಗುಂಡಿ ತೋಡಿಸಿ, ಒಳಗಿಳಿದು, ಪದರ ಪದರವಾಗಿ ಮಣ್ಣು ಕೆರೆದು, ನೆನೆಸಿ, ಬೆರಳ ನಡುವೆ ಹೊಸೆದು ನೋಡಿದರು. ಆ ಬಿಸಿಲಲ್ಲಿ ನಿಂತ ಪುಣ್ಯಾತ್ಮರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಚಿಕ್ಕಪ್ಪನಿಗೂ ಇಲ್ಲ. "ಸ್ವಾಮಿ, ಇಷ್ಟು ತೋಡಿದ್ದೀರಿ, ಇನ್ನೊಂದು ಎಂಟುನೂರಡಿ ಹೋಗಿಬಿಡಿ, ನೀರಾದರೂ ಸಿಗಲಿ" ಅಂತ ಮಜ್ಜಿಗೆ ಕೊಟ್ಟು ಕೇಳಿಕೊಂಡ, ಅಷ್ಟೆ.

ಅಂದಹಾಗೆ, ಈ ನಕ್ಷೆಯ ಅಳತೆ 1:7,920. ಇದೆಂಥ ಗ್ರಹಚಾರದ ಸಂಖ್ಯೆ ಅನ್ನಿಸಬಹುದು. ಲೆಕ್ಕ ಹಾಕಿದರೆ ಮೈಲಿಗೆ ಎಂಟು ಇಂಚು. ಕಂದಾಯ ವಸೂಲಿಗೆಂದು ಸರಪಳಿ ಎಳೆದು ಬರೆದಿದ್ದ ಹಳೇ ಗ್ರಾಮನಕ್ಷೆಯ ಅಳತೆ. ನೂರಾರು ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹವೂ ಕೊನೆಗೆ ಶಾನುಭೋಗರ ಜಗಲಿಗೇ ಬಂದು ಕೂರಬೇಕು.

ಎಸ್ 1 ಎಂದರೆ ಬಹಳ ಯೋಗ್ಯ, ಎಸ್ 2 ಮಧ್ಯಮ, ಎಸ್ 3 ಅಲ್ಪ, ಆಮೇಲೆ ಎನ್ 1, ಎನ್ 2. ಈ ಜಾತಿಪದ್ಧತಿ ಹುಟ್ಟಿದ್ದು ರೋಮ್‌ನಲ್ಲಿ, 1976ರಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ. ನನಗೆ ತುಂಬಾ ಹಿಡಿಸಿದ್ದು ಕೊನೆಯ ಎರಡು. ಎನ್ 1 ಎಂದರೆ ಸದ್ಯಕ್ಕೆ ಯೋಗ್ಯವಲ್ಲ, ಎನ್ 2 ಎಂದರೆ ಎಂದೆಂದಿಗೂ ಅಲ್ಲ. ಎಷ್ಟು ಮರ್ಯಾದಸ್ಥ ಭಾಷೆ! ನಮ್ಮೂರಿನ ಮದುವೆ ದಳ್ಳಾಳಿಗೆ ಇದನ್ನು ಮೊದಲೇ ಯಾರಾದರೂ ಕಲಿಸಿದ್ದರೆ ಎಷ್ಟು ಕಣ್ಣೀರು ಉಳಿಯುತ್ತಿತ್ತು. "ಹುಡುಗ ಒಳ್ಳೇವ್ನೇ, ಎನ್ 1 ಅಷ್ಟೆ" ಅಂದುಬಿಟ್ಟರಾಯಿತು. ಚಿಕ್ಕಪ್ಪನ ಮಗನಿಗೆ ಮೂವತ್ತನಾಲ್ಕು, ಆರು ಎಕರೆ, ಒಂದು ಚಟವಿಲ್ಲ. ಹೊಲಕ್ಕೆ ಬೇರು ಇಳಿಯದಿದ್ದರೆ ದೋಷ. ಗಂಡಿಗೆ ಬೇರು ಊರಲ್ಲೇ ಆಳಕ್ಕೆ ಇಳಿದಿದ್ದರೆ ದೋಷ. ಜಿ ಅಂದರೆ ಗೌರ್ಮೆಂಟ್ ನೌಕರಿ ಇಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಕರುಣಿಸಪ್ಪಾ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋದರಲ್ಲ, ನಾವೆಲ್ಲ ವಿಡಿಯೋ ನೋಡಿ ನಕ್ಕೆವು. ಕೆರೆ ಬಯಲಿನ ಎಸ್ 1 ಭೂಮಿಯ ಒಡೆಯರೂ ಅವರ ನಡುವೆ ಇದ್ದಿರಬೇಕು.

ಇರಲಿ, ಹೊಲಕ್ಕೆ ಬರೋಣ. ನಕ್ಷೆಯ ಪ್ರಕಾರ ಚಿಕ್ಕಪ್ಪನ ಹೊಲ ಹುರುಳಿಗೆ ಎಸ್ 2. ಒಳ್ಳೆಯ ಸಲಹೆ, ಅವನ ಅಪ್ಪನೂ ಅದನ್ನೇ ಬಿತ್ತುತ್ತಿದ್ದ. ಈಗ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಪಟ್ಟಿ ತೆಗೆಯಿರಿ. 22 ಬೆಳೆಗಳಿವೆ. ರಾಗಿ ಇದೆ, ತೊಗರಿ ಇದೆ, ಹುಚ್ಚೆಳ್ಳು ಕೂಡ ಇದೆ. ಹುರುಳಿ ಇಲ್ಲ. ಒಂದು ಸರ್ಕಾರ ಸಾಲ ಮಾಡಿ, ಗುಂಡಿ ತೋಡಿ, ಹುರುಳಿ ಬೆಳೆ ಮಗನೇ ಅನ್ನುತ್ತದೆ. ಇನ್ನೊಂದು ಸರ್ಕಾರಕ್ಕೆ ಹುರುಳಿ ಅಂದರೆ ಏನೆಂದೇ ಗೊತ್ತಿಲ್ಲ. ಹುರುಳಿಲ್ಲದ ಪಟ್ಟಿ ಅಂತ ಚಿಕ್ಕಪ್ಪ ಕರೆದದ್ದು ಇದಕ್ಕೇ.

ಆದ್ದರಿಂದ ಅವನು ಅಡಿಕೆ ಹಾಕಿದ. ಕ್ವಿಂಟಾಲಿಗೆ ನಲವತ್ತು ಸಾವಿರ ದಾಟಿದ್ದನ್ನು ಊರೆಲ್ಲ ನೋಡಿತ್ತು. ಎಕರೆಗೆ ಐನೂರು ಚಿಲ್ಲರೆ ಗಿಡ, ಬೆಳೆದ ಮರವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಹದಿನೈದಿಪ್ಪತ್ತು ಲೀಟರ್ ನೀರು. ಗುಣಿಸಬೇಡಿ, ನಾನು ಗುಣಿಸಿ ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ. ನಕ್ಷೆಯ ವಿವರ ಬರೆದ ಕಾರ್ಡ್ ಓದದ ಮೂರ್ಖ ರೈತ ಅಂತ ನೀವು ಅನ್ನಬಹುದು. ಅವನು ಎರಡು ಸಲ ಓದಿದ, ನನ್ನ ಕೈಲೂ ಒಮ್ಮೆ ಓದಿಸಿದ. ಬೇರಿನ ಆಳಕ್ಕೆ ಒಂದು ಅಕ್ಷರ, ಕಲ್ಲಿಗೆ ಒಂದು, ಇಳಿಜಾರಿಗೆ ಒಂದು. "ಸೊಸೈಟಿ ಸಾಲಕ್ಕೆ ಯಾವ ಅಕ್ಷರ ಕೊಟ್ಟವ್ರೆ, ನೋಡು" ಅಂದ. ನಾನು ಕನ್ನಡಕ ಸರಿಮಾಡಿಕೊಂಡು ಹುಡುಕಿದಂತೆ ನಟಿಸಿದೆ.

ಅಡಿಕೆ ಹಾಕಿದವನನ್ನು ತಿದ್ದಲು ನಮ್ಮಲ್ಲಿ ನಕ್ಷೆ ಇದೆ. ನೆಲಕ್ಕೆ ಕಾಂಕ್ರೀಟ್ ಹಾಕುವವರಿಗೆ ಯಾವ ನಕ್ಷೆ ತೋರಿಸುವುದು? ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ರಾಗಿ, ದ್ರಾಕ್ಷಿ, ಹೂವು, ತರಕಾರಿ ಬೆಳೆಯುವ 1,777 ಎಕರೆಯ ಮೇಲೆ ಏರೋಸ್ಪೇಸ್ ಪಾರ್ಕಿನ ಗೆರೆ ಎಳೆದಾಗ ಎಸ್ 1ಓ ಎಸ್ 2ಓ ಅಂತ ಯಾರಾದರೂ ಬಣ್ಣ ನೋಡಿದರೇ? ಅಲ್ಲಿನ ಜನ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂರಬೇಕಾಯಿತು. ಹೊಲದಲ್ಲಿರಬೇಕಾದ ಹೆಂಗಸರು, ಮುದುಕರು, ಶಾಮಿಯಾನದಡಿ. ಅನ್ನ ಕೊಡುವ ಮಣ್ಣು ಅಂತ ಸಾಬೀತು ಮಾಡಲು ಮೂರು ವರ್ಷ ಬೇಕೇ? ಇದಕ್ಕೆ ತಮಾಷೆ ಹೊಳೆಯುತ್ತಿಲ್ಲ, ಕ್ಷಮಿಸಿ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟೆವು ಅಂದರು. ಅದೇ ಉಸಿರಲ್ಲಿ, ಇಷ್ಟವಿದ್ದವರು ಕೊಡಬಹುದು, ದರ ಹೆಚ್ಚು ಕೊಡುತ್ತೇವೆ ಅಂದರು.

ಚಿಕ್ಕಪ್ಪ ಟಿವಿ ಆರಿಸಿ, ನಮ್ಮ ಕಡೆಗೂ ಬರ್ತಾರೇನೋ ಅಂತ ಕೇಳಿದ. ಹೆದರಿ ಕೇಳಿದನೋ, ಆಸೆಯಿಂದ ಕೇಳಿದನೋ ನನಗೆ ತಿಳಿಯಲಿಲ್ಲ. ಮಗನ ಜಾತಕ ಇನ್ನೂ ಆ ಟಿವಿಯ ಮೇಲೇ ಇತ್ತು.