ಸತ್ಯಾಂಶ: ಗೀಸರ್ ದಿನವಿಡೀ ಚಾಲೂ ಇಟ್ಟರೆ ಕರೆಂಟ್ ಉಳಿಯುತ್ತದೆಯೇ?

ಬೆಳಗಾವಿಯಲ್ಲಿ ಚಳಿ ಬಿದ್ದ ಕೂಡಲೇ ವಾಟ್ಸ್‌ಆ್ಯಪ್‌ನಲ್ಲಿ ಈ ಮೆಸೇಜು ಓಡಾಡತೊಡಗುತ್ತದೆ: ‘ಗೀಸರ್ ಪದೇ ಪದೇ ಆರಿಸಿ ಹಚ್ಚಬೇಡಿ, ದಿನವಿಡೀ ಚಾಲೂ ಇಟ್ಟರೇ ಕರೆಂಟ್ ಉಳಿತಾಯ.’ ಇದು ತಪ್ಪು.

15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಹೆಚ್ಚುಕಡಿಮೆ 0.7 ಯೂನಿಟ್ ಬೇಕು. 2 ಕಿಲೋವ್ಯಾಟ್ ಗೀಸರ್‌ಗೆ ಇಪ್ಪತ್ತು ನಿಮಿಷದ ಕೆಲಸ. ಸ್ವಿಚ್ ಹಾಕಿದ್ದಕ್ಕೆಂದು ಬೇರೆ ದಂಡವೇನೂ ಇಲ್ಲ. ಚಾಲೂ ಇಟ್ಟರೆ ಮಾತ್ರ ಟ್ಯಾಂಕಿನ ಬಿಸಿ ಸೋರುತ್ತಲೇ ಇರುತ್ತದೆ, ಥರ್ಮೋಸ್ಟಾಟ್ ಮತ್ತೆ ಮತ್ತೆ ಕಾಯಿಲ್ ಹೊತ್ತಿಸುತ್ತದೆ. ನಡುಮಧ್ಯಾಹ್ನ ಯಾರೂ ನಳ ಮುಟ್ಟದಿದ್ದರೂ ಹೀಟಿಂಗ್ ದೀಪ ಹತ್ತಿ ಆರುತ್ತದಲ್ಲ, ಅದು ಈ ಸೋರಿಕೆಯ ಭರ್ತಿ. ಆರಿಸಿದ ಟ್ಯಾಂಕ್ ತಣಿದಂತೆ ಸೋರಿಕೆಯೂ ಇಳಿಯುತ್ತದೆ. ಮೆಸೇಜು ಬರೆದವರು ಮರೆತಿರುವುದು ಇದನ್ನೇ.

ಟಿಳಕವಾಡಿ ಕಡೆ ಮಹಡಿಗೊಂದು ಗೀಸರ್ ಇರುವ ಮನೆಗಳಿವೆ. ಅಲ್ಲಿ ಸ್ನಾನ ಯಾವ ಮಹಡಿಯಲ್ಲೋ ಆ ಗೀಸರ್ ಅಷ್ಟೇ ಹಚ್ಚಿ. ಚಳಿದೇಶಗಳ ಸೆಂಟ್ರಲ್ ಹೀಟಿಂಗ್‌ನಲ್ಲಿ (ಒಂದೇ ಕಡೆಯಿಂದ ಇಡೀ ಮನೆಗೆ ಬಿಸಿ ಹರಿಸುವ ವ್ಯವಸ್ಥೆ) ಮನೆಯ ವಿಭಾಗಕ್ಕೊಂದು ವಾಲ್ವ್, ಥರ್ಮೋಸ್ಟಾಟ್ ಇಡುವುದೂ ಹೀಗೆ ಬೇಕಾದ ಕಡೆ ಮಾತ್ರ ಕಾಯಿಸಲೆಂದೇ.

ಆರಿಸಲು ಮರೆಯುವವರಿಗೆ (ಪ್ರತಿ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ) ಟೈಮರ್ ಸ್ವಿಚ್ ಸಿಗುತ್ತದೆ. ಕೊಳ್ಳುವಾಗ 6 ಆಂಪಿಯರ್‌ನದಲ್ಲ, 16 ಆಂಪಿಯರ್‌ನದೇ ಕೇಳಿ.